ಮಣ್ಣು ಮುಚ್ಚದ ನೆಲ

2017ರ ಮಾರ್ಚ್ 8ರಂದು ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪ ಗೋಜೊದಲ್ಲಿ ಒಂದು ಬಂಡೆ ಕುಸಿದು ಬಿತ್ತು. ಯಾರಿಗೂ ಗಾಯವಾಗಲಿಲ್ಲ. ಆದರೂ ದಿನ ಕಳೆಯುವಷ್ಟರಲ್ಲಿ ಸುದ್ದಿ ಜಗತ್ತನ್ನೆಲ್ಲ ಸುತ್ತಿ ಬಂತು. ಮಾಲ್ಟಾ ದೇಶದ ಪ್ರಧಾನಿಯೇ ದುಃಖ ತೋಡಿಕೊಂಡರು. ಒಂದು ಕಲ್ಲಿನ ಸಾವಿಗೆ ಇಷ್ಟು ಜನ ಮರುಗಿದ್ದು ಅಪರೂಪ.

ಬಿದ್ದದ್ದು ‘ಅಜೂರ್ ವಿಂಡೋ’ ಎಂಬ ಹೆಸರಿನ, ಸುಮಾರು 28 ಮೀಟರ್ ಎತ್ತರದ ಸುಣ್ಣಕಲ್ಲಿನ ಕಮಾನು. ಅದರ ಮೂಲಕ ನೋಡಿದರೆ ಆಚೆಗೆ ಕಡುನೀಲಿ ಕಡಲು. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಮೊದಲ ಸರಣಿಯಲ್ಲಿ ಡೇನೆರಿಸ್ ಮತ್ತು ಖಾಲ್ ಡ್ರೋಗೊ ಮದುವೆಯಾದದ್ದು ಈ ಕಮಾನಿನ ಎದುರು. 2011ರಲ್ಲಿ ಆ ದೃಶ್ಯ ಟಿ.ವಿ.ಯಲ್ಲಿ ಬಂದ ಮೇಲೆ, ಮಾಲ್ಟಾ ಎಲ್ಲಿದೆಯೆಂದು ಗೊತ್ತಿಲ್ಲದವರಿಗೂ ಆ ಕಲ್ಲಿನ ಗುರುತು ಸಿಕ್ಕಿತು.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿಗಳನ್ನು ಆಧರಿಸಿ ಎಚ್‌ಬಿಒ ವಾಹಿನಿ 2011ರಿಂದ 2019ರವರೆಗೆ ಎಂಟು ಸರಣಿಗಳಲ್ಲಿ ತೋರಿಸಿದ ಈ ಕತೆಗೆ ಡ್ರ್ಯಾಗನ್‌ಗಳನ್ನು ಕಂಪ್ಯೂಟರ್ ಕೊಟ್ಟಿತು. ನೆಲವನ್ನು ಮಾತ್ರ ಭೂಮಿಯೇ ಕೊಡಬೇಕಾಯಿತು. ಉತ್ತರ ಐರ್ಲೆಂಡ್, ಐಸ್‌ಲ್ಯಾಂಡ್, ಸ್ಪೇನ್, ಕ್ರೊವೇಷಿಯಾ, ಮೊರೊಕ್ಕೊ, ಮಾಲ್ಟಾ ಹೀಗೆ ಊರೂರು ಅಲೆದು ಚಿತ್ರತಂಡ ತಾಣಗಳನ್ನು ಹುಡುಕಿತು. ಧಾರಾವಾಹಿ ಮುಗಿದರೂ ಅಭಿಮಾನಿಗಳ ಪ್ರವಾಸ ಮುಗಿದಿಲ್ಲ. ಬೆಂಗಳೂರಿನ ಟ್ರಾವೆಲ್ ಏಜೆನ್ಸಿಗಳ ಐಸ್‌ಲ್ಯಾಂಡ್ ಪ್ಯಾಕೇಜುಗಳಲ್ಲೂ ಆ ತಾಣಗಳಿಗೆ ಜಾಗವಿದೆ.

ಅಲ್ಲಿಗೆ ಹೋದವರೆಲ್ಲ ಹೇಳುವ ಮಾತು ಒಂದೇ: ‘ಬೇರೆ ಯಾವುದೋ ಲೋಕಕ್ಕೆ ಹೋದ ಹಾಗಾಯಿತು.’ ಹಾಗೆ ಅನ್ನಿಸಲು ಕಾರಣವೇನು? ಎತ್ತರವೇ ಕಾರಣವೆಂದರೆ ಗೋಜೊದ ಕಮಾನು ನಮ್ಮ ಊರಿನ ಎಂಟು–ಒಂಬತ್ತು ಮಹಡಿಯ ಕಟ್ಟಡಕ್ಕಿಂತ ದೊಡ್ಡದಾಗಿರಲಿಲ್ಲ. ಬಣ್ಣವೇ ಕಾರಣವೆಂದರೆ ಐಸ್‌ಲ್ಯಾಂಡಿನ ಕಡಲತೀರ ಬರೀ ಕಪ್ಪು. ಈ ಎಲ್ಲ ತಾಣಗಳಲ್ಲಿ ಸಮಾನವಾಗಿರುವುದು ಅಲ್ಲಿ ಕಾಣದ ಒಂದು ವಸ್ತು. ಅದು ಮಣ್ಣು.

ನಾವು ದಿನವೂ ನೋಡುವ ನೆಲದಲ್ಲಿ ಕಲ್ಲಿನ ಮೇಲೆ ಮಣ್ಣಿದೆ, ಮಣ್ಣಿನ ಮೇಲೆ ಹುಲ್ಲು, ಗಿಡ, ಬೆಳೆ, ಮನೆ ಇವೆ. ಒಂದು ಸೆಂಟಿಮೀಟರ್ ಮೇಲ್ಮಣ್ಣು ಕೂಡಿಕೊಳ್ಳಲು ನೂರಾರು ವರ್ಷ ಬೇಕು. ಅದಕ್ಕಿಂತ ಬೇಗ ಹೊಸ ಕಲ್ಲು ಬಂದು ಬೀಳುತ್ತಿದ್ದರೆ ಅಥವಾ ಇದ್ದ ಕಲ್ಲು ಕೊಚ್ಚಿ ಹೋಗುತ್ತಿದ್ದರೆ ಮಣ್ಣಿಗೆ ನಿಲ್ಲಲು ಪುರುಸೊತ್ತೇ ಸಿಗದು. ಅಂಥ ಕಡೆ ಭೂಮಿಯ ಎಲುಬು ಬಯಲಿಗೆ ಬಿದ್ದಿರುತ್ತದೆ. ಕ್ಯಾಮೆರಾ ಹೊತ್ತವರು ಹುಡುಕುವುದು ಅದನ್ನೇ, ಸುತ್ತಿಗೆ ಹಿಡಿದ ಭೂವಿಜ್ಞಾನಿಗಳು ಹುಡುಕುವುದೂ ಅದನ್ನೇ. ಚಂದ್ರನ ಮೇಲೆ ಇಳಿಯಬೇಕಿದ್ದ ಅಪೊಲೊ ಗಗನಯಾತ್ರಿಗಳನ್ನು ನಾಸಾ 1965 ಮತ್ತು 1967ರಲ್ಲಿ ತರಬೇತಿಗೆಂದು ಐಸ್‌ಲ್ಯಾಂಡಿಗೇ ಕರೆದೊಯ್ದಿತ್ತು.

ಕಡಲು ಕಡಿದ ಕಿಟಕಿ

ಗೋಜೊದ ಡ್ವೇಯ್ರಾ ಎಂಬ ಕಡಲಂಚಿನ ಬಂಡೆಗಳು ಎರಡು ಕೋಟಿ ವರ್ಷಗಳಿಗಿಂತ ಹಿಂದೆ ತಿಳಿಗಡಲಿನ ತಳದಲ್ಲಿ ಹುಟ್ಟಿದವು. ಹವಳದ ಹಾಗೆ ಸುಣ್ಣ ಕಟ್ಟುವ ಪಾಚಿ, ಕಪ್ಪೆಚಿಪ್ಪು, ಕಡಲ ಚೆಂಡಿನಂಥ ಜೀವಿಗಳ ಕವಚಗಳು ಪದರು ಪದರಾಗಿ ಬಿದ್ದು ಗಟ್ಟಿಯಾಗಿ ಸುಣ್ಣಕಲ್ಲಾದವು. ಆಮೇಲೆ ನೆಲ ಮೇಲೆದ್ದಿತು. ಸುಣ್ಣಕಲ್ಲು ನೋಡಲು ಗಟ್ಟಿ. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲೀಯವಾದ ಮಳೆನೀರು ಅದನ್ನು ನಿಧಾನವಾಗಿ ಕರಗಿಸುತ್ತದೆ. ಡ್ವೇಯ್ರಾದಲ್ಲಿ ಹೀಗೆ ಕರಗಿ ಟೊಳ್ಳಾದ ಗವಿಗಳ ಚಾವಣಿ ಕುಸಿದು ದುಂಡನೆಯ ದೊಡ್ಡ ಗುಂಡಿಗಳಾಗಿವೆ. ಅವುಗಳಲ್ಲೊಂದಕ್ಕೆ ಸುರಂಗದ ಮೂಲಕ ಕಡಲ ನೀರು ನುಗ್ಗಿ ‘ಒಳಗಡಲು’ ಎಂಬ ಕೊಳವೇ ಆಗಿದೆ.

ಕಮಾನು ಹುಟ್ಟುವುದು ಅಲೆಗಳಿಂದ. ಕಡಲಿಗೆ ಚಾಚಿದ ಬಂಡೆಯಲ್ಲಿ ಬಿರುಕಿದ್ದರೆ ಅಲೆ ಅಲ್ಲಿಗೆ ಬಡಿಯುತ್ತದೆ. ಬಿರುಕಿನೊಳಗೆ ಸಿಕ್ಕಿಬಿದ್ದ ಗಾಳಿ ಪ್ರತಿ ಅಲೆಗೂ ಒತ್ತಿಕೊಂಡು, ಅಲೆ ಹಿಂದೆ ಸರಿದಾಗ ಸಡಿಲವಾಗುತ್ತದೆ. ಈ ಒತ್ತಡದ ಏರಿಳಿತವೇ ಕಲ್ಲನ್ನು ಒಳಗಿನಿಂದ ಒಡೆಯುತ್ತದೆ. ಬಿರುಕು ಗವಿಯಾಗುತ್ತದೆ, ಗವಿ ಆಚೆ ಬದಿಗೆ ತೂತು ಬಿದ್ದು ಕಮಾನಾಗುತ್ತದೆ. ಕಮಾನಿನ ಮೇಲ್ತೊಲೆ ಬಿದ್ದರೆ ಕಡಲಲ್ಲಿ ಒಂಟಿ ಕಂಬ ಉಳಿಯುತ್ತದೆ. ಕಂಬದ ಬುಡ ಸವೆದು ಅದೂ ಬೀಳುತ್ತದೆ. ಅಜೂರ್ ವಿಂಡೋ ಈ ಕ್ರಮವನ್ನು ಪೂರ್ತಿ ಪಾಲಿಸಲಿಲ್ಲ. ಬಿರುಗಾಳಿಯ ಆ ದಿನ ಕಂಬ, ತೊಲೆ ಎರಡೂ ಒಟ್ಟಿಗೇ ಹೋದವು. ಮೇಲೆ ಜನ ನಡೆದಾಡಿದರೆ ಬೀಳಬಹುದೆಂದು ಕೆಲವೇ ತಿಂಗಳ ಹಿಂದೆ ಸರ್ಕಾರ ದಂಡದ ನಿಯಮ ತಂದಿತ್ತು. ಆದರೆ ಪೆಟ್ಟು ಬಿದ್ದದ್ದು ಬುಡಕ್ಕೆ, ಅದೂ ಅಲೆಗಳಿಂದ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಕಮಾನು ಕೆತ್ತಿದ್ದೂ ಅದೇ ಅಲೆ, ಕೆಡವಿದ್ದೂ ಅದೇ ಅಲೆ. ಯಾವ ಬಲದಿಂದ ಒಂದು ತಾಣಕ್ಕೆ ಅದ್ಭುತ ರೂಪ ಬಂದಿದೆಯೋ ಆ ಬಲ ಫೋಟೊ ತೆಗೆದ ಮೇಲೆ ನಿಲ್ಲುವುದಿಲ್ಲ. ಮುಂದೆ ನೋಡುವ ತಾಣಗಳಿಗೆಲ್ಲ ಈ ಮಾತು ಅನ್ವಯಿಸುತ್ತದೆ.

ಹಸಿ ನೆಲ

ಐಸ್‌ಲ್ಯಾಂಡ್ ವಿಸ್ತಾರದಲ್ಲಿ ಕರ್ನಾಟಕದ ಅರ್ಧಕ್ಕಿಂತ ತುಸು ದೊಡ್ಡದು. ಜನಸಂಖ್ಯೆ ನಾಲ್ಕು ಲಕ್ಷವೂ ಇಲ್ಲ. ಅಲ್ಲಿನ ಅತಿ ಹಳೆಯ ಕಲ್ಲಿಗೆ ಸುಮಾರು 1.6 ಕೋಟಿ ವರ್ಷ. ಹಂಪಿಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ಎಂದು ನೆನೆದರೆ, ಐಸ್‌ಲ್ಯಾಂಡ್ ಇನ್ನೂ ಹಸಿ ಬಾಣಂತಿತನ ಕಳೆಯದ ನೆಲ. ಉತ್ತರ ಅಮೆರಿಕದ ಭೂಫಲಕವೂ ಯುರೇಷಿಯಾದ ಭೂಫಲಕವೂ ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿನಂತೆ ದೂರ ಸರಿಯುವ ಗೆರೆ ಈ ದೇಶದ ನಡುವೆಯೇ ಹಾಯ್ದಿದೆ. ಬಿರಿದ ಜಾಗವನ್ನು ಕೆಳಗಿನಿಂದ ಶಿಲಾಪಾಕ ಬಂದು ತುಂಬುತ್ತದೆ.

ನಾಲ್ಕನೇ ಸರಣಿಯಲ್ಲಿ ಆರ್ಯ ಮತ್ತು ಹೌಂಡ್ ಕಡಿದಾದ ಕಪ್ಪು ಗೋಡೆಗಳ ನಡುವೆ ನಡೆದು ಬರುವ ದಾರಿ ಥಿಂಗ್‌ವೆಲ್ಲಿರ್‌ನ ಆಲ್ಮನ್ನಗ್ಯಾ ಎಂಬ ಕಂದರ. ಆ ಗೋಡೆ ಯಾವ ನದಿಯೂ ಕೊರೆದದ್ದಲ್ಲ. ನೆಲ ಎಳೆದಾಡಿ ಬಿರಿದು, ನಡುವಿನ ಬಯಲು ತಗ್ಗಿದ್ದರಿಂದ ಉಳಿದ ಅಂಚು ಅದು. ಕಳೆದ ಹತ್ತು ಸಾವಿರ ವರ್ಷಗಳಲ್ಲಿ ಈ ಕಣಿವೆ ಸುಮಾರು 70 ಮೀಟರ್ ಅಗಲವಾಗಿ, ಸುಮಾರು 40 ಮೀಟರ್ ಕುಸಿದಿದೆ. ಐಸ್‌ಲ್ಯಾಂಡಿನ ಜನ ಕ್ರಿ.ಶ. 930ರಲ್ಲಿ ತಮ್ಮ ಮಹಾಸಭೆ ‘ಆಲ್ಥಿಂಗ್’ ಕಟ್ಟಿಕೊಂಡದ್ದು ಇದೇ ಕಣಿವೆಯಲ್ಲಿ. ಬೇರೆಡೆ ಭೂಫಲಕಗಳ ಇಂಥ ಅಂಚು ಬಹುಮಟ್ಟಿಗೆ ಸಾವಿರಾರು ಮೀಟರ್ ನೀರಿನಡಿ ಇರುತ್ತದೆ. ಇಲ್ಲಿ ಶೂ ಹಾಕಿಕೊಂಡು ನಡೆಯಬಹುದು.

ಮೀವತ್ನ್ ಸರೋವರದ ಬಳಿಯ ಡಿಮ್ಮುಬೋರ್ಗಿರ್ ಮೂರನೇ ಸರಣಿಯಲ್ಲಿ ‘ಗೋಡೆಯಾಚೆಯ’ ಜನರ ಬಿಡಾರವಾಗಿತ್ತು. ಸುಮಾರು 2,300 ವರ್ಷಗಳ ಹಿಂದೆ ಇಲ್ಲಿ ಲಾವಾ ಹರಿದು ಬಂದು ಜೌಗುನೆಲದ ಮೇಲೆ ಕೆರೆಯಾಗಿ ನಿಂತಿತು. ಅಡಿಗೆ ಸಿಕ್ಕಿದ ನೀರು ಕುದಿದು ಹಬೆಯಾಗಿ ಲಾವಾವನ್ನು ತೂರಿಕೊಂಡು ಮೇಲೆದ್ದಿತು. ಹಬೆ ಹಾದ ಕೊಳವೆಗಳ ಸುತ್ತ ಲಾವಾ ಬೇಗ ಆರಿ ಗಟ್ಟಿಯಾಯಿತು. ಆಮೇಲೆ ಒಂದು ಕಡೆ ಅಂಚು ಒಡೆದು ಕರಗಿದ ಲಾವಾ ಸರೋವರದತ್ತ ಹರಿದುಹೋಯಿತು. ಗಟ್ಟಿಯಾಗಿದ್ದ ಕೊಳವೆಗಳು ಮಾತ್ರ ಕಂಬಗಳಾಗಿ ನಿಂತವು. ಹತ್ತಿರ ಹೋಗಿ ನೋಡಿದರೆ ಕಂಬಗಳ ಮೈಮೇಲೆ ಅಡ್ಡ ಗೆರೆಗಳು ಕಾಣುತ್ತವೆ. ಲಾವಾ ಕೆರೆಯ ಮಟ್ಟ ಹಂತ ಹಂತವಾಗಿ ಇಳಿದಾಗ ಮೇಲಿನ ಕೆನೆ ಉಜ್ಜಿ ಬಿಟ್ಟ ಗುರುತು ಅದು.

ಅಲ್ಲಿಂದ ಸ್ವಲ್ಪ ದೂರದಲ್ಲಿ ಗ್ರಿಯೋತಾಗ್ಯಾ ಗವಿಯಿದೆ. ಜಾನ್ ಸ್ನೋ ಮತ್ತು ಇಗ್ರಿಟ್‌ರ ಪ್ರಣಯಕ್ಕೆ ಸಾಕ್ಷಿಯಾದ ಬಿಸಿನೀರಿನ ಕೊಳ ಅದು. ಸ್ಥಳೀಯರು ಮೊದಲು ಅಲ್ಲಿ ಸ್ನಾನ ಮಾಡುತ್ತಿದ್ದರು. 1975ರಿಂದ 1984ರವರೆಗೆ ಪಕ್ಕದ ಕ್ರಾಫ್ಲಾ ಜ್ವಾಲಾಮುಖಿ ಒಂಬತ್ತು ಸಲ ಉಕ್ಕಿತು. ನೆಲದಡಿಯ ಬಿರುಕುಗಳಲ್ಲಿ ಶಿಲಾಪಾಕ ನುಗ್ಗಿ ಅಂತರ್ಜಲ ಕಾದು, ಕೊಳದ ನೀರು 50 ಡಿಗ್ರಿ ಸೆಲ್ಸಿಯಸ್ ದಾಟಿತು. ಸ್ನಾನ ನಿಂತಿತು. ಅನಂತರದ ವರ್ಷಗಳಲ್ಲಿ ನೀರು ಆರುತ್ತಾ ಬಂದಿದ್ದರೂ ಇಳಿಯಲು ಅನುಮತಿಯಿಲ್ಲ. ಧಾರಾವಾಹಿಯ ದೃಶ್ಯವನ್ನು ನೆನೆದು ಟವೆಲ್ ಹಿಡಿದು ಹೋದವರು ಹಬೆ ನೋಡಿ ವಾಪಸಾಗಬೇಕು.

ಹಾಗಂತ ಐಸ್‌ಲ್ಯಾಂಡಿನ ಬೋಳುತನವನ್ನೆಲ್ಲ ಜ್ವಾಲಾಮುಖಿಯ ಲೆಕ್ಕಕ್ಕೆ ಬರೆಯುವಂತಿಲ್ಲ. ಒಂಬತ್ತನೇ ಶತಮಾನದ ಕೊನೆಯಲ್ಲಿ ನಾರ್ವೆಯ ಕಡೆಯಿಂದ ಜನ ಬಂದು ನೆಲೆಸಿದಾಗ ದೇಶದ ಕಾಲು ಭಾಗಕ್ಕಾದರೂ ಬರ್ಚ್ ಕಾಡಿತ್ತು ಎಂಬುದು ವಿಜ್ಞಾನಿಗಳ ಅಂದಾಜು. ಸೌದೆಗೆ, ಇದ್ದಿಲಿಗೆ, ಕುರಿಗಳ ಮೇವಿಗೆ ಕಾಡು ಹೋಯಿತು. ಜ್ವಾಲಾಮುಖಿ ಬೂದಿಯಿಂದಾದ ಮಣ್ಣು ಹಗುರ. ಬೇರಿನ ಹಿಡಿತ ತಪ್ಪಿದೊಡನೆ ಗಾಳಿ ಅದನ್ನು ಹೊತ್ತೊಯ್ದಿತು. ಇಂದು ಉಳಿದಿರುವ ಬರ್ಚ್ ಕಾಡು ನೂರರಲ್ಲಿ ಎರಡು ಪಾಲೂ ಇಲ್ಲ. ‘ಮನುಷ್ಯ ಸೋಕದ ನೆಲ’ ಎಂದು ಪರದೆಯ ಮೇಲೆ ಕಾಣುವ ಎಷ್ಟೋ ಬಯಲುಗಳು ಮನುಷ್ಯ ಮತ್ತು ಕುರಿ ಸೇರಿ ಬೋಳಿಸಿದವು.

ಆರುಮೂಲೆಯ ಕಂಬಗಳು

ದಕ್ಷಿಣ ಐಸ್‌ಲ್ಯಾಂಡಿನ ರೇನಿಸ್‌ಫ್ಯಾರಾ ಕಡಲತೀರ ಏಳನೇ ಸರಣಿಯಲ್ಲಿ ‘ಈಸ್ಟ್‌ವಾಚ್’ ಆಗಿ ಬಂತು. ಮರಳು ಕಪ್ಪು, ಏಕೆಂದರೆ ಅದು ಪುಡಿಯಾದ ಬಸಾಲ್ಟ್. ಬೆಟ್ಟದ ಬುಡದಲ್ಲಿ ಯಾರೋ ಉಳಿ ಹಿಡಿದು ಕೆತ್ತಿ ಜೋಡಿಸಿದಂಥ ಕಂಬಗಳ ಸಾಲು. ದಪ್ಪ ಲಾವಾ ನಿಂತಲ್ಲೇ ನಿಧಾನವಾಗಿ ಆರಿದರೆ ಇವು ಹುಟ್ಟುತ್ತವೆ. ಆರುತ್ತಾ ಕಲ್ಲು ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಬೇಸಗೆಯಲ್ಲಿ ಬತ್ತಿದ ಕೆರೆಯಂಗಳದ ಕೆಸರು ಬಿರಿಯುವುದೂ ಇದೇ ತತ್ವದಿಂದ. ಕಡಿಮೆ ಬಿರುಕಿನಲ್ಲಿ ಹೆಚ್ಚು ಸೆಳೆತ ಸಡಿಲವಾಗಬೇಕಾದರೆ ಮೂರು ಬಿರುಕುಗಳು 120 ಡಿಗ್ರಿ ಕೋನದಲ್ಲಿ ಕೂಡಬೇಕು. ಹಾಗೆ ಕೂಡಿದರೆ ಆರು ಮೂಲೆಯ ಆಕೃತಿಗಳಾಗುತ್ತವೆ. ಲಾವಾ ಹೊರಗಿನಿಂದ ಒಳಕ್ಕೆ ಆರುತ್ತಾ ಹೋದಂತೆ ಬಿರುಕೂ ಅದೇ ದಿಕ್ಕಿನಲ್ಲಿ ಇಳಿಯುತ್ತದೆ. ಪ್ರಕೃತಿಯ ಲೆಕ್ಕ ಅಷ್ಟು ಕರಾರುವಾಕ್ಕಲ್ಲ. ಎಣಿಸಿ ನೋಡಿದರೆ ಐದು ಮೂಲೆಯವು, ಏಳು ಮೂಲೆಯವು ಧಾರಾಳವಾಗಿ ಸಿಗುತ್ತವೆ.

ಇದನ್ನು ನೋಡಲು ಕನ್ನಡಿಗರು ಉತ್ತರ ಅಟ್ಲಾಂಟಿಕ್‌ಗೆ ಹೋಗಬೇಕಾಗಿಲ್ಲ. ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರಿಸ್ ದ್ವೀಪದಲ್ಲಿ ಇದೇ ಬಗೆಯ ಕಂಬಗಳಿವೆ. ಎಂಟೂವರೆ–ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಕಳಚಿಕೊಳ್ಳುವ ಕಾಲದ ಲಾವಾ ಅದು. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಐಸ್‌ಲ್ಯಾಂಡಿನಲ್ಲಿ ಭೂಮಿ ಬಿರಿಯುವುದು ಈಗ ನಡೆದಿದೆ. ಮಲ್ಪೆಯ ಬಳಿ ಅದು ನಡೆದು ಮುಗಿದಿದೆ.

ಮರಳಿಗೆ ಕೈಯಿಟ್ಟ ಜಾಗ

ಏಳನೇ ಸರಣಿಯ ಮೊದಲ ಕಂತಿನಲ್ಲಿ ಡೇನೆರಿಸ್ ಹುಟ್ಟಿದೂರು ಡ್ರ್ಯಾಗನ್‌ಸ್ಟೋನ್‌ಗೆ ಮರಳುತ್ತಾಳೆ. ದೋಣಿ ಇಳಿದು ಮಂಡಿಯೂರಿ ಮರಳಿಗೆ ಕೈಯಿಡುತ್ತಾಳೆ. ಹಿಂದೆ ಓರೆಯಾಗಿ ಎದ್ದು ನಿಂತ ನೂರಾರು ಕಲ್ಲಿನ ಪದರುಗಳ ಗೋಡೆ. ಆ ಕಡಲತೀರ ಸ್ಪೇನಿನ ಬಾಸ್ಕ್ ಪ್ರದೇಶದ ಜುಮಾಯಾ ಊರಿನ ಇತ್ಸುರುನ್. ಚಿತ್ರತಂಡ ಬರುವುದಕ್ಕೆ ಬಹಳ ಮೊದಲೇ ಭೂವಿಜ್ಞಾನಿಗಳಿಗೆ ಇದು ತೀರ್ಥಕ್ಷೇತ್ರವಾಗಿತ್ತು.

ಈ ಪದರುಗಳು ಸುಮಾರು ಸಾವಿರ ಮೀಟರ್ ಆಳದ ಕಡಲಿನಲ್ಲಿ ಒಂದರ ಮೇಲೊಂದು ಬಿದ್ದವು. ಆಮೇಲೆ ಐಬೀರಿಯಾ ಯುರೋಪಿಗೆ ಒತ್ತಿಕೊಂಡು ಪೈರನೀಸ್ ಪರ್ವತ ಎದ್ದಾಗ ಇವೂ ಮಡಿಸಿಕೊಂಡು ನಿಗುರಿ ನಿಂತವು. ಈಗ ಬಿಸ್ಕೇ ಕೊಲ್ಲಿಯ ಅಲೆಗಳು ಅವುಗಳ ಅಡ್ಡ ಕೊಯ್ತವನ್ನು ಸದಾ ತಿಕ್ಕಿ ತೊಳೆದು ಇಡುತ್ತವೆ. ತೀರದಲ್ಲಿ ನಡೆಯುತ್ತಾ ಹೋದರೆ ಪ್ರತಿ ಹೆಜ್ಜೆಗೂ ಸಾವಿರಾರು ವರ್ಷ ದಾಟಿದಂತೆ.

ಗೋಡೆಗೆ ಮುಖ ಹತ್ತಿರ ಒಯ್ದು ನೋಡಬೇಕು. ಒಂದು ಪದರು ಗಟ್ಟಿ, ತಿಳಿ ಬಣ್ಣದ ಸುಣ್ಣಕಲ್ಲು, ಮುಂದೆ ಚಾಚಿದೆ. ಅದರ ಮಗ್ಗುಲಿನದು ಮೆತ್ತಗಿನ, ಕಂದು ಬಣ್ಣದ, ಜೇಡಿ ಬೆರೆತ ಸುಣ್ಣ. ಅಲೆಗೆ ಸವೆದು ಒಳಕ್ಕೆ ಸರಿದಿದೆ. ಮತ್ತೆ ಗಟ್ಟಿ, ಮತ್ತೆ ಮೆತ್ತಗೆ. ಈ ಜೋಡಿ ಬರುವುದು ಸುಮಾರು 21 ಸಾವಿರ ವರ್ಷಕ್ಕೊಮ್ಮೆ. ಭೂಮಿಯ ಅಕ್ಷ ನಿಧಾನವಾಗಿ ತೂಗಾಡುವುದರಿಂದ ಬೇಸಗೆ–ಚಳಿಗಾಲಗಳ ಕಾವು ಬದಲಾಗುತ್ತದೆ. ಅದರಿಂದ ಮಳೆ, ಮಳೆಯಿಂದ ನದಿಗಳು ಹೊತ್ತು ತರುವ ಜೇಡಿ ಹೆಚ್ಚು ಕಡಿಮೆಯಾಗುತ್ತದೆ. ಇನ್ನೂ ಸ್ವಲ್ಪ ಹಿಂದೆ ಸರಿದು ನೋಡಿದರೆ ಐದೈದು ಜೋಡಿಗಳು ಒಂದು ಕಟ್ಟಾಗಿ ಕಾಣುತ್ತವೆ. ಅದು ಸೂರ್ಯನ ಸುತ್ತಲಿನ ಭೂಕಕ್ಷೆ ಒಂದು ಲಕ್ಷ ವರ್ಷಗಳ ಅವಧಿಯಲ್ಲಿ ಹಿಗ್ಗಿ ಕುಗ್ಗುವುದರ ಗುರುತು. ಆಕಾಶದ ಗಡಿಯಾರ ಕಡಲ ಕೆಸರಿನಲ್ಲಿ ದಾಖಲಾಗಿರುವುದರಿಂದ ಇಲ್ಲಿ ಪದರು ಎಣಿಸಿ ಕಾಲ ಅಳೆಯಬಹುದು. 2008ರಲ್ಲಿ ಭೂಕಾಲದ ಎರಡು ಘಟ್ಟಗಳ ಆರಂಭಕ್ಕೆ, ಅಂದರೆ ಸೆಲಾಂಡಿಯನ್ ಮತ್ತು ಥಾನೆಟಿಯನ್ ಯುಗಗಳಿಗೆ, ಜಗತ್ತಿನ ಅಧಿಕೃತ ಗುರುತಿನ ತಾಣವಾಗಿ ಇತ್ಸುರುನ್ ಗೋಡೆಯನ್ನೇ ಆರಿಸಲಾಯಿತು.

ತೀರದ ಪಶ್ಚಿಮಕ್ಕೆ ಅಲ್ಗೋರಿ ಎಂಬ ಚಾಚಿನಲ್ಲಿ ಕೆಲವೇ ಸೆಂಟಿಮೀಟರ್ ದಪ್ಪದ ಕಪ್ಪು ಜೇಡಿಯ ಎಳೆಯೊಂದಿದೆ. ಗೊತ್ತಿಲ್ಲದವರು ಅದನ್ನು ನೋಡಿಯೂ ನೋಡದೆ ದಾಟುತ್ತಾರೆ. ಅದರಲ್ಲಿ ಇರಿಡಿಯಂ ಧಾತುವಿನ ಪ್ರಮಾಣ ಹೆಚ್ಚು. ಭೂಮಿಯ ತೊಗಟೆಯಲ್ಲಿ ತೀರ ಅಪರೂಪವಾದ, ಕ್ಷುದ್ರಗ್ರಹಗಳಲ್ಲಿ ಹೇರಳವಾದ ಧಾತು ಅದು. ಇಟಲಿಯ ಗುಬ್ಬಿಯೋದಲ್ಲಿ ಇಂಥದೇ ಎಳೆಯನ್ನು ಪರೀಕ್ಷಿಸಿದ ಲೂಯಿಸ್ ಮತ್ತು ವಾಲ್ಟರ್ ಆಲ್ವರೆಜ್ ಎಂಬ ತಂದೆ–ಮಗ ಮತ್ತು ಅವರ ಜೊತೆಗಾರರು, ಕ್ಷುದ್ರಗ್ರಹ ಬಡಿದು ಡೈನೊಸಾರ್‌ಗಳು ಅಳಿದವೆಂಬ ವಾದವನ್ನು 1980ರಲ್ಲಿ ಮುಂದಿಟ್ಟರು. ಆ ಪೆಟ್ಟಿನ ಕುಳಿ ಮುಂದೆ ಮೆಕ್ಸಿಕೊದ ಯುಕಟಾನ್‌ನಲ್ಲಿ ಸಿಕ್ಕಿತು. ಕಾಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ.

ಜುಮಾಯಾದಲ್ಲಿ ಈ ವಾದಕ್ಕೆ ಒಂದು ತೊಡಕೂ ಹುಟ್ಟಿತ್ತು. ಅಮೋನೈಟ್ ಎಂಬ ಸುರುಳಿ ಚಿಪ್ಪಿನ ಕಡಲಜೀವಿಗಳ ಕೊನೆಯ ಪಳೆಯುಳಿಕೆ ಕಪ್ಪು ಎಳೆಗಿಂತ ಹಲವು ಮೀಟರ್ ಕೆಳಗೇ ಸಿಕ್ಕಿದ್ದರಿಂದ, ಪೆಟ್ಟು ಬೀಳುವ ಮೊದಲೇ ಅವು ನಿಧಾನವಾಗಿ ಕ್ಷೀಣಿಸಿದ್ದವೆಂದು ಅಮೆರಿಕದ ವಿಜ್ಞಾನಿ ಪೀಟರ್ ವಾರ್ಡ್ ಭಾವಿಸಿದ್ದರು. ಆಮೇಲೆ ಇಲ್ಲೂ ನೆರೆಯ ಫ್ರಾನ್ಸಿನ ತೀರದಲ್ಲೂ ಇನ್ನಷ್ಟು ಹುಡುಕಿದಾಗ ಎಳೆಗೆ ತೀರ ಹತ್ತಿರದಲ್ಲೂ ಅಮೋನೈಟ್ ಸಿಕ್ಕವು. ಅಪರೂಪದ ಜೀವಿಯ ಕೊನೆಯ ಪಳೆಯುಳಿಕೆ ಸಿಕ್ಕ ಪದರು ಆ ಜೀವಿಯ ಕೊನೆಯ ದಿನವನ್ನು ಹೇಳುವುದಿಲ್ಲ ಎಂಬುದಕ್ಕೆ ಜುಮಾಯಾ ಒಳ್ಳೆಯ ಪಾಠ.

ಮಳೆ ತೊಳೆದ ಬಯಲು

ಮಾರ್ಟಿನ್ ಕಾದಂಬರಿಗಳ ‘ಡೋತ್ರಾಕಿ ಸಮುದ್ರ’ ಆಳೆತ್ತರದ ಹುಲ್ಲುಗಾವಲು. ಆರನೇ ಸರಣಿಯಲ್ಲಿ ಅದರ ಪಾತ್ರ ವಹಿಸಿದ್ದು ಹುಲ್ಲುಕಡ್ಡಿಯೂ ಕಷ್ಟಪಟ್ಟು ಬೆಳೆಯುವ ಸ್ಪೇನಿನ ಬಾರ್ಡೇನಾಸ್ ರಿಯಾಲೆಸ್. ನವಾರ್ರ ಪ್ರಾಂತ್ಯದ ಈ ಬಯಲಿನ ವಿಸ್ತಾರ 400 ಚದರ ಕಿಲೋಮೀಟರಿಗೂ ಹೆಚ್ಚು. ಎಬ್ರೋ ನದಿಗೆ ಕಡಲಿನ ದಾರಿ ಸಿಗುವ ಮೊದಲು, ಸುಮಾರು ಒಂದು ಕೋಟಿ ವರ್ಷಗಳ ಹಿಂದಿನವರೆಗೆ, ಇಲ್ಲಿ ನೀರು ಹೊರಹೋಗದ ಸರೋವರಗಳಿದ್ದವು. ಅವುಗಳ ತಳದ ಜೇಡಿ, ಜಿಪ್ಸಂ, ಮರಳುಗಲ್ಲುಗಳೇ ಇಂದಿನ ನೆಲ.

ಇಲ್ಲಿ ವರ್ಷಕ್ಕೆ ಬೀಳುವ ಮಳೆ 400 ಮಿಲಿಮೀಟರಿಗೂ ಕಡಿಮೆ. ಬಿದ್ದರೆ ಒಮ್ಮೆಲೇ ಸುರಿಯುತ್ತದೆ. ಮಳೆ ಸದಾ ಇದ್ದರೆ ಗಿಡ ಬೆಳೆದು ಬೇರು ಮಣ್ಣು ಹಿಡಿಯುತ್ತದೆ. ಮಳೆಯೇ ಇಲ್ಲದಿದ್ದರೆ ತೊಳೆಯುವವರಿಲ್ಲ. ಇವೆರಡರ ನಡುವಿನ ಹವೆಯಲ್ಲಿ ನೆಲದ ಸವಕಳಿ ಹೆಚ್ಚು. ಕಾಸ್ತಿಲ್‌ದೆತಿಯೆರ್ರಾ ಎಂಬ ಪ್ರಸಿದ್ಧ ಗೋಪುರದ ನೆತ್ತಿಯ ಮೇಲೆ ಮರಳುಗಲ್ಲಿನ ಸಣ್ಣ ಟೋಪಿಯಿದೆ. ಸುತ್ತಲಿನ ಜೇಡಿಯೆಲ್ಲ ಕೊಚ್ಚಿಹೋದರೂ ಟೋಪಿಯಡಿಯ ಜೇಡಿ ಉಳಿದು ಗೋಪುರವಾಯಿತು. ಟೋಪಿ ಜಾರಿದ ಮೇಲೆ ಗೋಪುರಕ್ಕೆ ಆಯುಸ್ಸು ಬಹಳ ಇರದು.

ನಿಧಾನದ ಕಲ್ಲುಗಳು

ಇಷ್ಟು ಓದಿದವರಿಗೆ ಒಂದು ಆಕ್ಷೇಪ ಹೊಳೆದಿರಬಹುದು. ಹಂಪಿಯೂ ಬೇರೆ ಲೋಕದ ಹಾಗೇ ಕಾಣುತ್ತದಲ್ಲ? ಅಲ್ಲಿ ಜ್ವಾಲಾಮುಖಿಯಿಲ್ಲ, ಕಡಲಿಲ್ಲ. ಏಳನೇ ಸರಣಿಯಲ್ಲಿ ಡ್ರ್ಯಾಗನ್ ಬಂದು ಲ್ಯಾನಿಸ್ಟರ್ ಸೈನ್ಯವನ್ನು ಸುಡುವ ಬಯಲು ಸ್ಪೇನಿನ ಲೋಸ್ ಬರ್ರುಎಕೊಸ್. ಅಲ್ಲಿಯೂ ಹಂಪಿಯಂಥದೇ ಗುಂಡುಗಲ್ಲುಗಳು, ಅವುಗಳ ನೆತ್ತಿಯಲ್ಲಿ ಬಿಳಿ ಕೊಕ್ಕರೆಗಳ ಗೂಡು.

ಗ್ರಾನೈಟ್ ಗುಂಡುಗಳ ರೂಪ ಹುಟ್ಟುವುದು ನೆಲದೊಳಗೆ. ಬಂಡೆಯ ಚೌಕಟ್ಟಿನಂಥ ಬಿರುಕುಗಳಲ್ಲಿ ನೀರು ಇಳಿದು ಮೂಲೆಗಳನ್ನು ಮೂರು ಕಡೆಯಿಂದ, ಅಂಚುಗಳನ್ನು ಎರಡು ಕಡೆಯಿಂದ, ಮುಖಗಳನ್ನು ಒಂದೇ ಕಡೆಯಿಂದ ಕೊಳೆಸುತ್ತದೆ. ಹಾಗಾಗಿ ಮೂಲೆ ಮೊದಲು ಹೋಗಿ ತಿರುಳು ದುಂಡಗಾಗುತ್ತದೆ. ಸುತ್ತ ಕೊಳೆತ ಕಲ್ಲು ಸಡಿಲ ಮಣ್ಣಾಗಿರುತ್ತದೆ. ಯಾವ ಕಾಲಕ್ಕೋ ಆ ಮಣ್ಣು ತೊಳೆದುಹೋದಾಗ ಗುಂಡುಗಳು ಒಂದರ ಮೇಲೊಂದು ಕೂತ ಸ್ಥಿತಿಯಲ್ಲಿ ಹೊರಬರುತ್ತವೆ. ಅಂದರೆ ಇಲ್ಲೂ ನಮ್ಮ ಸೂತ್ರ ತಪ್ಪುವುದಿಲ್ಲ. ಮಣ್ಣು ಆಯಿತು, ಆಮೇಲೆ ಹೋಯಿತು. ಐಸ್‌ಲ್ಯಾಂಡಿಗೂ ಹಂಪಿಗೂ ಇರುವ ವ್ಯತ್ಯಾಸ ವೇಗದ್ದು. ಗ್ರಾನೈಟ್ ಗುಂಡಿನ ಬಳಿ ನಿಶ್ಚಿಂತೆಯಿಂದ ಬುತ್ತಿ ಬಿಚ್ಚಬಹುದು. ರೇನಿಸ್‌ಫ್ಯಾರಾದಲ್ಲಿ ಕಡಲಿಗೆ ಬೆನ್ನು ತಿರುಗಿಸುವಂತಿಲ್ಲ.

ಹೋಗುವವರ ಪಾದ

ಹಾಗೆ ಬೆನ್ನು ತಿರುಗಿಸಿ ಸೆಲ್ಫಿಗೆ ನಿಂತ ಪ್ರವಾಸಿಗರು ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಅಟ್ಲಾಂಟಿಕ್‌ನ ದೂರದ ಬಿರುಗಾಳಿಗಳಿಂದ ಹೊರಟ ಉದ್ದನೆಯ ಅಲೆಗಳು ಕಡಿದಾದ ತಳದ ಈ ತೀರಕ್ಕೆ ಬಲ ಕುಗ್ಗದೆ ಬಂದು ಬಡಿಯುತ್ತವೆ. ಹತ್ತಾರು ಸಣ್ಣ ಅಲೆಗಳ ನಡುವೆ ಒಂದು ಥಟ್ಟನೆ ತೀರದ ಮೇಲೆ ಬಹುದೂರ ನುಗ್ಗುತ್ತದೆ. ಈಗ ಅಲ್ಲಿ ಎಚ್ಚರಿಕೆಯ ದೀಪಗಳಿವೆ. ಎರಡನೇ ಸರಣಿಯ ಹಿಮದ ದೃಶ್ಯಗಳಿಗೆ ಬಳಸಿದ ಸ್ವಿನಾಫೆಲ್ಸ್‌ಯೋಕುಲ್ ಹಿಮನದಿ ಭೂಮಿ ಬಿಸಿಯಾದಂತೆ ತೆಳುವಾಗುತ್ತಿದೆ. ಹಿಮ ಒತ್ತಿ ಹಿಡಿದಿದ್ದ ಬೆಟ್ಟದ ಮೈಗೆ ಆಸರೆ ತಪ್ಪಿ, 2014ರಲ್ಲಿ ಮೇಲೆ ಉದ್ದನೆಯ ಬಿರುಕು ಕಂಡಿತು. ಬೆಟ್ಟ ಜರಿದು ಬೀಳಬಹುದೆಂದು 2018ರಲ್ಲಿ ಆ ಹಿಮನದಿಯ ಮೇಲೆ ಹೋಗದಂತೆ ಅಧಿಕಾರಿಗಳು ಎಚ್ಚರಿಸಿದರು. ಜುಮಾಯಾದಲ್ಲಿ ಅಪಾಯ ಉಬ್ಬರದ್ದು. ಇಳಿತದ ವೇಳೆ ನೋಡಿಕೊಂಡು ಹೋಗದಿದ್ದರೆ ಹಿಂದೆ ಗೋಡೆ, ಮುಂದೆ ನೀರು.

ನೆಲಕ್ಕೂ ನಮ್ಮಿಂದ ಅಪಾಯವಿದೆ. 2010ರಲ್ಲಿ ಐಸ್‌ಲ್ಯಾಂಡಿಗೆ ಬಂದ ವಿದೇಶಿ ಪ್ರವಾಸಿಗರು ಐದು ಲಕ್ಷದೊಳಗೆ. 2018ರಲ್ಲಿ ಸುಮಾರು 23 ಲಕ್ಷ. ಅದೇ 2010ರಲ್ಲಿ ಡ್ವೇಯ್ರಾದ ಬಂಡೆಗಳ ಮೇಲೆ ಚಿತ್ರೀಕರಣಕ್ಕೆಂದು ಮರಳು ಸುರಿದದ್ದು ಮಾಲ್ಟಾದಲ್ಲಿ ದೊಡ್ಡ ವಿವಾದವಾಗಿತ್ತು. ಐಸ್‌ಲ್ಯಾಂಡಿನ ಫ್ಯಾಡ್ರಾರ್‌ಗ್ಲ್ಯೂಫುರ್ ಕಂದರ ಜಸ್ಟಿನ್ ಬೀಬರ್‌ನ 2015ರ ಹಾಡಿನ ವಿಡಿಯೊದಲ್ಲಿ ಕಾಣಿಸಿದ ಮೇಲೆ ಅಲ್ಲಿಗೆ ಜನ ಮುಗಿಬಿದ್ದರು. ಸಾವಿರಾರು ಶೂಗಳಡಿ ಹಾವಸೆ ಕಿತ್ತು ಕೆಸರಾಗಿ, 2019ರಲ್ಲಿ ಕಂದರದ ದಾರಿಯನ್ನೇ ಕೆಲಕಾಲ ಮುಚ್ಚಬೇಕಾಯಿತು. ಆ ಹಾವಸೆ ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟೂ ಬೆಳೆಯುವುದಿಲ್ಲ. ಒಂದು ಹೆಜ್ಜೆಯ ಗಾಯ ಮಾಯಲು ದಶಕಗಳು ಬೇಕು. ಬೋಳುಕಲ್ಲಿನ ಮೇಲೆ ಧೂಳು, ತೇವ ಹಿಡಿದಿಟ್ಟು ಮಣ್ಣಿಗೆ ನಾಂದಿ ಹಾಡುವುದು ಆ ಹಾವಸೆಯೇ.

ಅದೇ ಕಲ್ಲು, ಆಮೇಲೆ

ಮಣ್ಣಾದ ಮೇಲೆ ಲಾವಾ ನೆಲ ಹೇಗಿರುತ್ತದೆ? ಉತ್ತರ ನಮ್ಮಲ್ಲೇ ಇದೆ. ಅಲ್ಗೋರಿಯ ಕಪ್ಪು ಎಳೆ ಕಡಲ ತಳಕ್ಕೆ ಇಳಿಯುತ್ತಿದ್ದ ಸುಮಾರಿಗೆ ಭಾರತದ ಪಶ್ಚಿಮ ಭಾಗದಲ್ಲಿ ದಖ್ಖನ್ ಲಾವಾ ಉಕ್ಕುತ್ತಿತ್ತು. ಡೈನೊಸಾರ್‌ಗಳ ಅಳಿವಿನಲ್ಲಿ ಕ್ಷುದ್ರಗ್ರಹದ ಪಾಲೆಷ್ಟು, ಈ ಲಾವಾ ಜೊತೆಗೆ ಬಂದ ಅನಿಲಗಳ ಪಾಲೆಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಐಸ್‌ಲ್ಯಾಂಡಿನಲ್ಲಿ 1783ರಲ್ಲಿ ಶುರುವಾದ ಲಾಕಿ ಸ್ಫೋಟ ಎಂಟು ತಿಂಗಳಲ್ಲಿ ಸುಮಾರು 15 ಘನ ಕಿಲೋಮೀಟರ್ ಲಾವಾ ಕಾರಿತು. ಅದರ ವಿಷಾನಿಲ ಮತ್ತು ಹಿಂದೆಯೇ ಬಂದ ಬರಗಾಲಕ್ಕೆ ದೇಶದ ಐದರಲ್ಲೊಂದು ಪಾಲು ಜನ ಸತ್ತರು. ದಖ್ಖನ್ ಲಾವಾ ಹರಡಿರುವುದು ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್. ಮಹಾಬಲೇಶ್ವರದ ಕಡೆ ಅದರ ದಪ್ಪ ಕಿಲೋಮೀಟರುಗಳಲ್ಲಿ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಅದರ ದಕ್ಷಿಣದ ಸೆರಗು.

ಒಂದು ಕಾಲಕ್ಕೆ ಈ ಜಿಲ್ಲೆಗಳೂ ಐಸ್‌ಲ್ಯಾಂಡಿನ ಲಾವಾ ಬಯಲಿನಂತೆಯೇ ಕಪ್ಪಗೆ, ಬರಿಗಲ್ಲಾಗಿ, ಹಬೆಯಾಡುತ್ತಾ ಬಿದ್ದಿದ್ದವು. ಆಮೇಲೆ ಕೋಟ್ಯಂತರ ವರ್ಷ ಬಿಸಿಲು, ಮಳೆ, ಬೇರು, ಹುಳಹುಪ್ಪಟೆ ತಮ್ಮ ಕೆಲಸ ಮಾಡಿದವು. ಬಸಾಲ್ಟಿನ ಖನಿಜಗಳು ಕೊಳೆತು, ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಜೇಡಿಯಾದವು. ಅದೇ ಎರೆ. ಹಿಂಗಾರಿನಲ್ಲಿ ಬಿಳಿಜೋಳ ಒಂದು ಹನಿ ಮಳೆಯಿಲ್ಲದೆಯೂ ನೆಲದೊಳಗಿನ ತೇವ ಹಿಡಿದು ತೆನೆ ಕಟ್ಟುವುದು ಈ ಜೇಡಿಯ ಗುಣದಿಂದ. ವಿಜಯಪುರದ ಡೋಣಿ ಬಯಲು ಜೋಳಕ್ಕೆ ಹೆಸರಾದದ್ದೂ ಇದರಿಂದಲೇ.

ಅಲ್ಲಿ ಬಾವಿ ತೋಡುವವರಿಗೆ ಈ ಬರಹದ ಸಾರ ಕೈಯಳತೆಯಲ್ಲಿ ಸಿಗುತ್ತದೆ. ಮೇಲೆ ಎರೆ, ಅದರ ಕೆಳಗೆ ಗುದ್ದಲಿಗೆ ಪುಡಿಯಾಗುವ ಗರಸು, ಕೊನೆಗೆ ಮದ್ದಿಗಷ್ಟೇ ಮಣಿಯುವ ಕರಿಗಲ್ಲು. ಕಲ್ಲು ಮಣ್ಣಾಗುವ ಪ್ರತಿ ಹಂತವೂ ಬಾವಿಯ ಗೋಡೆಯಲ್ಲಿದೆ. ಐಸ್‌ಲ್ಯಾಂಡಿನಲ್ಲಿ ನೋಡಸಿಗುವುದು ತಳದ ಹಂತ ಒಂದೇ. ಅದು ನಮಗೆ ಬೇರೆ ಲೋಕವಾಗಿ ಕಾಣುವುದು ನಾವು ಮೇಲಿನ ಹಂತದಲ್ಲಿ ಹುಟ್ಟಿ ಬೆಳೆದವರಾದ್ದರಿಂದ. ಡ್ರ್ಯಾಗನ್ ಹಾರಿದ ಆ ಕಪ್ಪು ಬಯಲೂ ಹಿಮ, ಗಾಳಿ, ಕುರಿ ಮತ್ತು ಪ್ರವಾಸಿಗರಿಂದ ಬಿಡುವು ಸಿಕ್ಕರೆ ಹೊಲವಾಗಬಲ್ಲ ನೆಲ. ಅದಕ್ಕೆ ಇನ್ನೂ ವಯಸ್ಸಾಗಿಲ್ಲ, ಅಷ್ಟೇ.